ಒಳಗಿರುವ ಕನ್ನಡಕ

ಮೂಡುಬಿದಿರೆ
ಸೋಮವಾರ

ಅಪ್ಪನಿಗೆ ಲೋಲಾಕ್ಷಿಯ ನಮಸ್ಕಾರ.

ರಜೆಗೆ ಬಂದಾಗ ವಿಸ್ಮಿತಾ ನಿಮ್ಮ ಮೊಬೈಲಿಗೆ ಹಾಕಿಕೊಟ್ಟ ಓದಿ ಹೇಳುವ ಆ್ಯಪನ್ನು ಈ ಕಾಗದದ ಮೇಲೆ ಹಿಡಿದಿದ್ದೀರಿ ಎಂದುಕೊಂಡಿದ್ದೇನೆ. ಅದಕ್ಕೆ ನನ್ನ ಕೈಬರಹ ತಿಳಿಯದು, ಹಾಗಾಗಿ ಟೈಪ್ ಮಾಡಿದ್ದೇನೆ. ಓದಿಸಲಿಕ್ಕೆ ಪಕ್ಕದ ಮನೆಗೆ ಒಯ್ಯಬೇಡಿ. ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಕರೆ ಮಾಡಿ, "ಕಕ್ಕಿಂಜೆಯಲ್ಲಿ ಮಳೆ ಉಂಟಾ?" ಎಂದಷ್ಟೇ ಕೇಳಿ ಇಟ್ಟುಬಿಟ್ಟೆ.

ವಿಸ್ಮಿತಾಳನ್ನು ಡಾಕ್ಟರಿಗೆ ತೋರಿಸಿದೆ. ನಿಮ್ಮ ಮೊಮ್ಮಗಳ ಬುದ್ಧಿಗೆ ಏನೂ ಆಗಿಲ್ಲವಂತೆ. ಅಕ್ಷರ ಮಾತ್ರ ಅವಳಿಗೆ ಹಿಡಿತಕ್ಕೆ ಸಿಗುವುದಿಲ್ಲ. ಆ್ಯಪ್ ಓದಿ ಹೇಳಿದರೆ ಪಾಠವೆಲ್ಲ ಅರ್ಥವಾಗುತ್ತದೆ. "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಉಂಟಾ?" ಎಂದು ಡಾಕ್ಟರು ಕೇಳಿದರು. ಇಲ್ಲ ಎಂದೆ. ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಮದುವೆ ಹೇಳಿಕೆಗೆ ಬಂದವರು ಕಾಗದ ಕೊಟ್ಟಾಗಲೆಲ್ಲ ನೀವು, "ಕನ್ನಡಕ ಒಳಗೆ ಉಂಟು, ನೀನೇ ಓದು ಮಾರಾಯ್ತಿ" ಎನ್ನುತ್ತಿದ್ದಿರಿ. ಒಳಗೆ ಕನ್ನಡಕ ಇರಲಿಲ್ಲ ಅಪ್ಪ. ನಾನು ಹುಡುಕಿದ್ದೆ.

"ನಾನೊಬ್ಬಳೇ ಹೀಗಾ?" ಎಂದು ವಿಸ್ಮಿತಾ ದಿನಾ ಕೇಳುತ್ತಾಳೆ. ಶುಕ್ರವಾರ ಪುನಃ ಡಾಕ್ಟರಲ್ಲಿಗೆ ಹೋಗಲಿಕ್ಕುಂಟು. ಬೆಳಗ್ಗಿನ ಬಸ್ಸಿಗೆ ಬನ್ನಿ, ಅವಳ ಪಕ್ಕ ಕೂರಿ. ಹೊರಡುವಾಗ ಕನ್ನಡಕ ಹುಡುಕುವುದು ಬೇಡ.

ನಿಮ್ಮ ಮಗಳು,
ಲೋಲಾಕ್ಷಿ