ಹೋಗದೆ ಉಳಿದ ತಂತಿ

ವಿಜಯವಾಡ
೮ ಫೆಬ್ರವರಿ ೧೯೮೮

ದೇವಮ್ಮಕ್ಕನವರಿಗೆ, ತಂತಿ ಕಚೇರಿಯ ಕೌಂಟರಿನಲ್ಲಿ ನಿಮ್ಮೊಡನೆ ಕನ್ನಡ ಮಾತಾಡಿದ ಮಂಗಳಾಗೌರಿಯ ನಮಸ್ಕಾರ.

ಹೇಳಬೇಕಾದ್ದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಕೈಕೊಡುತ್ತದೆ. ಅಂದು ನೀವು ಹೈಕೋರ್ಟಿನ ನ್ಯಾಯಮೂರ್ತಿಗಳಿಗೆಂದು ಕೊಟ್ಟ ತಂತಿ ಹೋಗಲೇ ಇಲ್ಲ. ಜಡ್ಜರೂ ನಮ್ಮ ಕೂಗು ಕೇಳಲಿಲ್ಲವೆಂದು ನೀವು ಅತ್ತದ್ದನ್ನು ಪತ್ರಿಕೆಯಲ್ಲಿ ಓದಿದೆ. ಅವರಿಗೆ ತಲುಪಿದ್ದರೆ ತಾನೇ ಅವರು ಕೇಳುವುದು?

ನವೆಂಬರ್ ಹದಿನೇಳು, ಮಂಗಳವಾರ. ಗವರ್ನರ್‌ಪೇಟೆಯ ಮುದ್ರಣಾಲಯದಿಂದ ನಿಮ್ಮ ತಮ್ಮ ಉಮಾಶಂಕರನನ್ನು ಪೊಲೀಸರು ಜೀಪಿಗೆ ತಳ್ಳಿಕೊಂಡು ಹೋಗಿ ಒಂದು ಗಂಟೆಯೂ ಆಗಿರಲಿಲ್ಲ. ಅವನು ಅಚ್ಚಿನ ಮೊಳೆ ಜೋಡಿಸಿದ್ದ ಯಾವುದೋ ಕರಪತ್ರ ಅವರ ಕಣ್ಣಿಗೆ ಬಿದ್ದಿತ್ತು. ಹಿಡಿದ ಕೂಡಲೇ ಕೋರ್ಟಿಗೆ ತಂತಿ ಹೊಡೆದರೆ, ನಾವು ಹಿಡಿದೇ ಇಲ್ಲ ಎನ್ನಲು ಪೊಲೀಸರಿಗೆ ಬಾಯಿರುವುದಿಲ್ಲ, ಜೀವ ಉಳಿಯುತ್ತದೆ. ಇದು ಇಲ್ಲಿ ಎಲ್ಲರಿಗೂ ಗೊತ್ತಿರುವ ಉಪಾಯ. ತಮ್ಮನನ್ನು ನೋಡಲೆಂದು ವಿಶಾಖಪಟ್ಟಣದಿಂದ ಬಂದಿದ್ದ ನಿಮಗೂ ಅದನ್ನು ಯಾರೋ ಹೇಳಿ ಕಳಿಸಿದ್ದರು.

ನಿಮ್ಮ ತೆಲುಗು ತಡವರಿಸುತ್ತಿತ್ತು. "ಕನ್ನಡದಾಗ ಹೇಳ್ರಿ ಅಕ್ಕಾರ" ಎಂದೆ. ನೀವು ಕಂಬಿಯೊಳಗೆ ಕೈ ತೂರಿಸಿ ನನ್ನ ಬೆರಳು ಹಿಡಿದುಕೊಂಡಿರಿ. "ನಮ್ಮ ಕಡಿಯಾಕಿ ಸಿಕ್ಕಿ ತಂಗಿ, ಇನ್ನ ನನಗ ಚಿಂತಿಲ್ಲ" ಎಂದಿರಿ. ಬೇರೆ ಯಾರಾದರೂ ಕುಳಿತಿದ್ದರೆ ತಂತಿ ಹೊರಡುವ ತನಕ ನೀವು ಅಲ್ಲಿಂದ ಕದಲುತ್ತಿರಲಿಲ್ಲ. ನನ್ನ ಭಾಷೆಯನ್ನು ನಂಬಿ ಠಾಣೆಗೆ ಓಡಿದಿರಿ.

ಪೊಲೀಸರ ಮೇಲೆ ದೂರಿದ್ದ ತಂತಿಯನ್ನು ಮೇಲ್ವಿಚಾರಕ ಕಾಮೇಶ್ವರ ಅವರಿಗೆ ತೋರಿಸಬೇಕೆಂಬ ಬಾಯಿಮಾತಿನ ಅಪ್ಪಣೆಯಿತ್ತು. ತೋರಿಸಿದೆ. "ಮನಕೆಂದುಕಮ್ಮಾ ಈ ಗೊಡವ", ನಮಗೇಕಮ್ಮಾ ಈ ರಗಳೆ, ಎಂದು ತಂತಿಯ ನಮೂನೆಯನ್ನು ನನ್ನತ್ತ ಸರಿಸಿದರು. ಬಲವಂತ ಮಾಡಲಿಲ್ಲ, ಸುಳ್ಳು ಹೇಳಬಾರದು. ಕೆಂಪು ಪೆನ್ಸಿಲಿನಲ್ಲಿ "ಆಕ್ಷೇಪಾರ್ಹ" ಎಂದು ಬರೆದವಳು ನಾನು. ಹನ್ನೊಂದು ಹತ್ತು ಎಂದು ಹೊತ್ತು ಹಾಕಿ ಸಹಿ ಮಾಡಿದವಳೂ ನಾನೇ.

ಮೂರು ಗಂಟೆಗೆ ನೀವು ಮತ್ತೆ ಬಂದಿರಿ. ಠಾಣೆಯಲ್ಲಿ ರಸೀದಿಯನ್ನೂ ಕಸಿದುಕೊಂಡಿದ್ದರು. "ಹೋತೇನ ತಂಗಿ?" ಎಂದು ಕೇಳಿದಿರಿ. "ಹೋತ್ರಿ" ಎಂದೆ. ಆಗಲಾದರೂ ನಿಜ ಹೇಳಿದ್ದರೆ ನೀವು ರೈಲ್ವೆ ಸ್ಟೇಷನ್ನಿಗೆ ಓಡಿ ಅಲ್ಲಿಂದ ತಂತಿ ಕೊಡಬಹುದಿತ್ತು. ಉಮಾಶಂಕರ ಇನ್ನೂ ಬದುಕಿದ್ದ.

ಗುರುವಾರ ಅನಕಾಪಲ್ಲಿಯ ಆಚೆಯ ಕಾಡಿನಲ್ಲಿ ಗುಂಡಿನ ಚಕಮಕಿ, ಒಬ್ಬ ಉಗ್ರಗಾಮಿ ಸತ್ತ ಎಂದು ಸುದ್ದಿ ಬಂತು. ಶವವನ್ನು ಗುರುತಿಸಿದವರು ನೌಕಾಪಡೆಯಲ್ಲಿರುವ ನಿಮ್ಮ ಯಜಮಾನರು ಈಶ್ವರಪ್ಪನವರು. ಅಂದಿನಿಂದ ನಮ್ಮ ಕಚೇರಿಗೆ ಪೊಲೀಸನೊಬ್ಬ ಬರೀ ಮನಿಯಾರ್ಡರಿಗೆ ಬಂದರೂ, ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ.

ಅವನನ್ನು ಹಿಡಿದೇ ಇರಲಿಲ್ಲ, ಕಾಡಿನಲ್ಲೇ ಮೊದಲು ಕಂಡದ್ದು ಎಂದು ಪೊಲೀಸರು ಈಗ ವಿಚಾರಣೆಯಲ್ಲಿ ಹೇಳುತ್ತಿದ್ದಾರಂತೆ. ಅಕ್ಕಾ, ಆ ನಮೂನೆ ಇನ್ನೂ ಇದೆ. ತಡೆಹಿಡಿದ ತಂತಿಗಳ ಕಟ್ಟಿನಲ್ಲಿ, ಕ್ರಮಸಂಖ್ಯೆ ೨೧೪. ಅವನನ್ನು ಹಿಡಿದ ಹೊತ್ತು, ಜಾಗ, ಜೀಪಿನ ನಂಬರು ಎಲ್ಲವೂ ನಿಮ್ಮ ಮಾತಿನಲ್ಲೇ ಇವೆ. ಮೂರು ತಿಂಗಳಾದ ಕಟ್ಟುಗಳನ್ನು ನಮ್ಮಲ್ಲಿ ಸುಡುತ್ತಾರೆ. ಇದೇ ಹದಿನೇಳಕ್ಕೆ ಅದರ ಸರದಿ. ಅಷ್ಟರೊಳಗೆ ಕೋರ್ಟಿನಿಂದ ಅದನ್ನು ತರಿಸುವಂತೆ ವಕೀಲರಿಗೆ ಹೇಳಿ. ನಾನೇ ಕದ್ದು ತಂದರೆ, ಆಮೇಲೆ ಬರೆದದ್ದು ಎಂದು ತಳ್ಳಿಹಾಕುತ್ತಾರೆ.

ತಂತಿಯ ಗುಟ್ಟು ಹೊರಗೆ ಹಾಕಿದ್ದಕ್ಕೆ ನನ್ನ ಕೆಲಸ ಹೋಗಬಹುದು, ಜೈಲೂ ಆಗಬಹುದು. ಈ ಪತ್ರ ಬರೆಯುತ್ತೇನೆಂದದ್ದಕ್ಕೆ ನಮ್ಮ ಯಜಮಾನರು ಸೂರ್ಯಪ್ರಕಾಶ ಎರಡು ದಿನದಿಂದ ಮಾತು ಬಿಟ್ಟಿದ್ದಾರೆ. "ಪೋಯಿನೋಡು ತಿರಿಗಿ ರಾಡು" ಎಂದದ್ದೇ ಕೊನೆ. ಹೋದವನು ಬರುವುದಿಲ್ಲ, ನಿಜ. ಆದರೆ ಕೊಂದವರು ಅವನನ್ನು ಕಾಡಿನಲ್ಲಿ ಕಂಡೆವು ಎನ್ನುವಾಗ, ಸುಳ್ಳು ಎನ್ನಬಲ್ಲ ಕಾಗದ ಒಂದೇ ಒಂದಿದೆ, ಅದರ ಮೇಲೆ ನನ್ನ ಅಕ್ಷರವಿದೆ.

ಕ್ಷಮೆ ಕೇಳುವುದಿಲ್ಲ, ಕೇಳಿದರೆ ನಿಮಗೆ ಇನ್ನೊಂದು ಹೊರೆ. ಈ ಪತ್ರವನ್ನು ಹರಿಯಬೇಡಿ, ವಕೀಲರ ಕೈಗೆ ಕೊಡಿ. ನನ್ನನ್ನು ಕಾಪಾಡಲೆಂದು ಹೆಸರು ಮುಚ್ಚಬೇಡಿ. ಕೋರ್ಟಿನಲ್ಲಿ ನೀವು ನನ್ನ ಮುಖ ನೋಡದಿದ್ದರೂ ಸರಿ. ದೇವರು ನಿಮ್ಮ ಮಾತನ್ನು ಗೆಲ್ಲಿಸಲಿ.

ಇಂತಿ, ನಿಮ್ಮ ಕಡೆಯವಳೆಂದು ಹೇಳಿಕೊಳ್ಳಲಾರದ
ಮಂಗಳಾಗೌರಿ
ತಂತಿ ಗುಮಾಸ್ತೆ