ಹೆಣ್ಣುಮಗಳು ಇಟ್ಟ ಎಡೆ

ಅವ್ವಾ, ನಿನ್ನ ದೊಡ್ಡಾಕಿ ಬರೆಯುತ್ತಿದ್ದೇನೆ.

ಲಾಸ್ ಏಂಜಲೀಸಿಗೆ ಬಂದ ಹೊಸದರಲ್ಲಿ ನೀನು ಫೋನಿನಲ್ಲಿ ಕೇಳಿದ್ದೆ, "ಏನ ಓದತೀಯವಾ ಅಲ್ಲೆ?" ಚಿಕಾನಾ ಸಾಹಿತ್ಯ ಅಂದೆ. ಮೆಕ್ಸಿಕೋ ಮೂಲದ, ಅಮೆರಿಕದಲ್ಲಿ ಬೆಳೆದ ಹೆಣ್ಣುಮಕ್ಕಳು ಬರೆದದ್ದು. ಅವರಲ್ಲಿ ಎಷ್ಟೋ ಜನರ ಹಿರಿಯರು ಊರು ಬಿಟ್ಟವರೇ ಅಲ್ಲ, ಗಡಿಯೇ ಸರಿದು ಬೇರೆ ದೇಶದವರಾದರು ಎಂದು ವಿವರಿಸಿದೆ. ನೀನು ನಕ್ಕುಬಿಟ್ಟೆ. "ಇದನ್ನ ಓದಾಕ ಅಷ್ಟ ದೂರ ಹೋಗಬೇಕಿತ್ತೇನ? ನಾವೂ ಕುಂತಲ್ಲೇ ಮಹಾರಾಷ್ಟ್ರದವರಾಗಿಲ್ಲೇನ?" ಹೌದಲ್ಲ! ಜತ್ತ ತಾಲ್ಲೂಕಿನ ನಮ್ಮೂರಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ನನ್ನ ಪ್ರಬಂಧ ಶುರುವಾಗುವುದು ನಿನ್ನ ಆ ಮಾತಿನಿಂದಲೇ, ಗೊತ್ತಾ?

ಅವತ್ತೇ ನೀನು ಇನ್ನೊಂದು ಮಾತೂ ಅಂದಿದ್ದೆ. "ಎರಡೂ ಹೆಣ್ಣು. ನಾ ಸತ್ತಮ್ಯಾಲ ನನಗ ಎಡಿ ಇಡಾವ್ರು ಯಾರ?" ಬಿಡವ್ವಾ ಅಂದು ಮಾತು ಮರೆಸಿದೆ. ಕೋವಿಡ್‌ನಲ್ಲಿ ನೀನು ಹೋದಾಗ ನನಗೆ ಬರಲಾಗಲಿಲ್ಲ. ಮರುವರ್ಷ ಮಹಾಲಯ ಅಮಾವಾಸ್ಯೆಗೆ ನಿನ್ನ ಮೈದುನ, ನಿನ್ನನ್ನು ವೈನಿ ವೈನಿ ಅನ್ನುತ್ತಿದ್ದ ಕಾಕಾ, ಅಜ್ಜ-ಅಜ್ಜಿಗೆ ಎಡೆ ಇಟ್ಟ, ನಿನಗೆ ಇಡಲಿಲ್ಲ. "ಮಗ ಇದ್ದಿದ್ರ ಇಡತಿದ್ದ, ಹೆಣ್ಣಮಕ್ಕಳು ಇಡೂ ಪದ್ಧತಿ ನಮ್ಮಲ್ಲಿಲ್ಲ" ಅಂದನಂತೆ. ಊರಿಗೆಲ್ಲ ಬಡಿಸಿದವಳು ನೀನು, ನಿನಗೇ...

ನವೆಂಬರಿನಲ್ಲಿ ಮೆಕ್ಸಿಕೋ ಮೂಲದ ನಮ್ಮ ಪ್ರೊಫೆಸರ್ ಎಲೇನಾ ತಮ್ಮ ಸ್ಯಾನ್ ಡಿಯಾಗೋ ಮನೆಗೆ ಕರೆದರು. ಅವರಲ್ಲಿ ಅದು ಸತ್ತವರು ಮನೆಗೆ ಬರುವ ಹಬ್ಬ. ಮೇಜಿನ ತುಂಬ ಚೆಂಡುಹೂವು, ಫೋಟೋ, ಊಟ; ಇಡುತ್ತಿದ್ದವರೆಲ್ಲ ಹೆಂಗಸರೇ! "ನಿಮ್ಮ ತಾಯಿಗೂ ಇಡು" ಅಂದರು. ಮಾಡಿಕೊಂಡು ಹೋಗಿದ್ದ ಹೋಳಿಗೆ, ಕಟ್ಟಿನ ಸಾರು ಇಟ್ಟು ಎಡೆಯ ಸುತ್ತ ನೀರು ಬಿಟ್ಟೆ. ಆಮೇಲೆ ನಮ್ಮ ಪದ್ಧತಿಯಂತೆ, ನೀನು ಸಂಕೋಚವಿಲ್ಲದೆ ಉಣ್ಣಲೆಂದು, ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಬಿಟ್ಟೆ. ಅವರ ಮನೆ, ಅವರ ಹಿರಿಯರು, ಬಾಗಿಲು ಕಾಯುವವಳು ನಾನು! ಎಲೇನಾಗೆ ನಗು ತಡೆಯಲಾಗಲಿಲ್ಲ. "ನಮ್ಮಜ್ಜಿ ಒಳಗೆ ಗಾಬರಿ ಆಗಿರ್ತಾಳೆ ಕಣೇ. ನಮ್ಮಲ್ಲಿ ಸತ್ತವರನ್ನ ಅವರಷ್ಟಕ್ಕೇ ಊಟಕ್ಕೆ ಬಿಡಲ್ಲ. ಜೊತೆಗೆ ಕೂತು ಅವರ ಕಥೆ ಹೇಳ್ತೀವಿ." ಬಾಗಿಲು ತೆಗೆದೆ. ನಿನ್ನ ಕಥೆ ಹೇಳುತ್ತ ಅತ್ತೆ, ನಗಿಸಿದೆ, ಮತ್ತೆ ಅತ್ತೆ. ಮನಸ್ಸು ಹಗುರವಾಯಿತು.

ಇದನ್ನೆಲ್ಲ ತಂಗಿಗೆ ಹೇಳಿದ್ದೆ. ಈ ವರ್ಷ ಅಮಾವಾಸ್ಯೆಗೆ ಊರಲ್ಲಿ ಅವಳೇ ನಿನಗೆ ಎಡೆ ಇಟ್ಟಳು ಅವ್ವಾ! ಕಾಕಾ ಸಿಟ್ಟಾಗಿ ಹೊರಗೆ ಕಟ್ಟೆಯ ಮೇಲೆ ಕೂತನಂತೆ. "ಆತು ಬಿಡ್ರಿ ಕಾಕಾ, ಅವ್ವನ ಕೂಡ ನಾನೇ ಉಣತೀನಿ" ಅಂದಳಂತೆ ಇವಳು. ಸ್ವಲ್ಪ ಹೊತ್ತಿಗೆ ತಾನೇ ಒಳಗೆ ಬಂದು ನಿನ್ನ ಎಲೆಯ ಪಕ್ಕ ಕೂತನಂತೆ. ತಲೆ ಎತ್ತದೆ ಉಂಡು, "ನಮ್ಮ ವೈನಿ ಕೈರುಚಿ ಬಂದೈತಿ ನಿನಗ" ಅಂದನಂತೆ.