ಅಕೌಂಟೆನ್ಸಿ ಎರಡನೇ ಪತ್ರಿಕೆ

ಅತ್ತೆಮ್ಮನವರಿಗೆ,

ನಿಮ್ಮ ಸೊಸೆ ಗಿರಿಜೆ ಮಾಡುವ ನಮಸ್ಕಾರ. ನೀವಿದ್ದಾಗ ನಿಮಗೆ ಕಾಗದ ಬರೆಯುವ ಪ್ರಮೇಯವೇ ಬರಲಿಲ್ಲ. ಒಂದೇ ಒಲೆಯ ಮುಂದೆ ಕೂತವರು ನಾವು. ಅಕ್ಷರ ಬರದವಳಿಗೆ ಇದನ್ನು ಓದಿ ಹೇಳೋರ್ಯಾರು ಅಂತ ನೀವು ನಗಬಹುದು. ನಗಿ. ಆದರೆ ನಿಮಗೆ ನಾನೊಂದು ಸುಳ್ಳು ಹೇಳಿದ್ದೇನೆ. ಅದನ್ನು ಒಪ್ಪಿಕೊಳ್ಳದೆ ನನಗೆ ಇನ್ನು ಇರೋಕಾಗಲ್ಲ.

ಆ ಲಕೋಟೆ ಬಂದ ದಿನ ನೆನಪಿದೆಯಾ? ನನಗೆ ಮದುವೆಯಾಗಿ ಒಂದೂವರೆ ತಿಂಗಳು. ಮೈಸೂರಲ್ಲಿ ಬಿ.ಕಾಂ. ಕೊನೆಯ ಪರೀಕ್ಷೆ ಬರೆದು ಬಂದ ಹತ್ತನೇ ದಿನಕ್ಕೇ ಧಾರೆ. ಫಲಿತಾಂಶ ಇನ್ನೂ ಬಂದಿರಲಿಲ್ಲ. ಆದರೂ ಮಾವನವರು ನಮ್ಮೂರು ಅಗರದ ಮನೆಮನೆಗೂ "ನಮ್ ಸೊಸೆ ಬಿ.ಕಾಂ. ಪಾಸು" ಅಂತ ಹೇಳಿಬಿಟ್ಟಿದ್ದರು. ಕೊಳ್ಳೇಗಾಲದಿಂದ ಅಪ್ಪ ಒಡೆಯದೆ ಹಾಗೇ ಕಳಿಸಿದ್ದ ಲಕೋಟೆಯನ್ನು ನೀವೇ ಅಂಚೆಯವನಿಂದ ಇಸ್ಕೊಂಡು ಅಡುಗೆಮನೆಗೆ ತಂದಿರಿ. ಒಡೆದು ನೋಡಿದೆ. ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ಆ ಕಾಗದವನ್ನೇ ನೋಡುತ್ತಾ ನಿಂತೆ.

"ಯಾರವ್ವ ತೀರ್ಕಂಡ್ರು?" ಅಂದಿರಿ.

"ಯಾರೂ ಇಲ್ಲ ಅತ್ತೆಮ್ಮ. ನಾನು ಫೇಲು."

"ಎಲ್ಲಾದ್ರಲ್ಲೂವಾ?"

"ಅಕೌಂಟೆನ್ಸಿ ಎರಡನೇ ಪತ್ರಿಕೆ. ಅದೊಂದೇ."

ನೀವು ಬಾಗಿಲ ಕಡೆ ನೋಡಿದಿರಿ. ಮಾವನವರು ಜಗಲಿಯಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದರು. "ಒಂದ್ರಲ್ಲಿ ತಾನೇ? ಮಿಕ್ಕವೆಲ್ಲ ಆಗವಲ್ಲ. ಇನ್ನೊಂದ್ಸಲ ಬರದ್ರಾಯ್ತು ಬುಡು. ನಿಮ್ ಮಾವ್ನಿಗೆ ಈಗ್ಲೇ ಏಳ್ಬೇಡ, ಊರೆಲ್ಲ ಏಳ್ಕಂಡು ಬಂದವ್ರೆ" ಅಂದು ಒಲೆಗೆ ಸೌದೆ ನೂಕಿದಿರಿ. ಬೈಗುಳ ಬರುತ್ತದೆ ಅಂತ ಕಾದಿದ್ದ ನನಗೆ ಅಳು ಬಂದದ್ದು ಆಮೇಲೆ.

ಆಷಾಢಕ್ಕೆ ತವರಿಗೆ ಹೋದಾಗ ಅಲ್ಲಿಂದಲೇ ಅಕ್ಟೋಬರ್ ಪರೀಕ್ಷೆಗೆ ಅರ್ಜಿ ಹಾಕಿದೆ. ಅಪ್ಪನಿಗೆ ನನ್ನ ಓದೆಂದರೆ ಒಂದು ಬಗೆಯ ಗೆಲುವು. "ನಮ್ ಕೊಳ್ಳೇಗಾಲ ಮೊದ್ಲಂಗೆ ಕೊಯಮತ್ತೂರು ಜಿಲ್ಲೇಲೇ ಇದ್ದಿದ್ರೆ ನಿನ್ನ ಓದೋಕೆ ಅಲ್ಲೀಗಂಟ ಕಳಿಸ್ತಿದ್ನಾ? ಈಗ ಮೈಸೂರು, ಬೆಳಿಗ್ಗೆ ಬಸ್ಸತ್ತಿದ್ರೆ ಮದ್ಯಾನಕ್ಕೆ ಊರು" ಅಂತ ಕಾಲೇಜಿಗೆ ಸೇರಿಸಿದವರು ಅವರು. ತರಗತಿಯಲ್ಲಿ ನಾವು ಮೂವರೇ ಹುಡುಗಿಯರು, ಮುಂದಿನ ಬೆಂಚು. ಡೆಬಿಟ್ಟು, ಕ್ರೆಡಿಟ್ಟು, ಎಲ್ಲ ಇಂಗ್ಲಿಷಿನಲ್ಲಿ. ಬ್ಯಾಲೆನ್ಸ್ ಶೀಟಿನ ಎರಡು ಕಡೆಯೂ ಸರಿಸಮ ಬಂದ ದಿನ ಹಾಸ್ಟೆಲಿಗೆ ಕುಣಿಯುತ್ತಾ ಹೋಗುತ್ತಿದ್ದೆ. ಆ ಎರಡನೇ ಪತ್ರಿಕೆಯಲ್ಲಿ ಮಾತ್ರ ಅದು ಸಮ ಬರಲಿಲ್ಲ. ತಪ್ಪೆಲ್ಲಿ ಅಂತ ಹುಡುಕುತ್ತಲೇ ಹೊತ್ತು ಹೋಗಿ, ಮಿಕ್ಕ ಪ್ರಶ್ನೆಗಳು ಹಾಗೇ ಉಳಿದುಹೋದವು.

ನಮ್ಮ ಮನೆಯ ಅಟ್ಟ! ಊಟವಾಗಿ ಮಾವನವರು, ನಿಮ್ಮ ಮಗ ಗದ್ದೆಗೆ ಹೋದರೆ ನಾನು ಪುಸ್ತಕ ತಕೊಂಡು ಅಟ್ಟ ಹತ್ತುತ್ತಿದ್ದೆ. ನೀವು ಕೆಳಗೆ ಏಣಿಯ ಬುಡದಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಾ ಕೂರುತ್ತಿದ್ದಿರಿ. ಯಾರು ಬಂದು ಕೇಳಿದರೂ ಒಂದೇ ಉತ್ತರ: "ತಲೆನೋವು ಅಂತ ಮಲ್ಗವ್ಳೆ." ದಿನಾ ತಲೆನೋವಾದರೆ ಏನರ್ಥ? ಪಕ್ಕದ ಮನೆಯ ನಿಂಗಮ್ಮ ಒಂದು ದಿನ ಹುಣಸೆಹಣ್ಣಿನ ಉಂಡೆ ಕಟ್ಟಿಕೊಂಡು ಬಂದು, "ಎಷ್ಟು ತಿಂಗ್ಳು?" ಅಂದರು. ನೀವು ಸ್ವಲ್ಪವೂ ನಗದೆ "ಅಕ್ಟೋಬರ್‌ಗೆ ಗೊತ್ತಾಯ್ತದೆ" ಅಂದಿರಿ. ನಾನು ಮೇಲೆ ಬಾಯಿಗೆ ಸೆರಗು ತುರುಕಿಕೊಂಡು...

ನೀವು ಸುಮ್ಮನೆ ಕಾವಲು ಕೂತವರೂ ಅಲ್ಲ. "ಇವತ್ತೇನ್ ಓದ್ದೆ, ಏಳು" ಅಂತ ದಿನಾ ಕೇಳುತ್ತಿದ್ದಿರಿ. ಡಿಪ್ರಿಸಿಯೇಷನ್ ಅಂದರೆ ಏನು ಅಂತ ಹೇಳಲು ನಾನು ತಡವರಿಸುತ್ತಿದ್ದೆ. ಕೊಂಡಾಗ ಇದ್ದ ಬೆಲೆ ವರ್ಷ ವರ್ಷ ಸವೆಯುತ್ತದೆ, ಅದನ್ನು ಖರ್ಚು ಅಂತ ಬರೆಯಬೇಕು ಅಂದೆ. "ಓ, ನಮ್ ಗಾಡಿ ಇದ್ದಂಗೆ. ಅಂದ್ರೆ ನಿಮ್ ಮಾವ ದಿನಾ ಗಾಡಿ ಕಟ್ಟಿ ಸಂತೆ ತಿರುಗೋದೂ ಖರ್ಚೇ ಅನ್ನು" ಅಂದು ಗಟ್ಟಿಯಾಗಿ ನಕ್ಕಿರಿ. ಪುಸ್ತಕದಲ್ಲಿ ಎರಡು ಪುಟ ಓದಿದರೂ ಇಳಿಯದ್ದು ನನಗೆ ಆವತ್ತು ಇಳಿಯಿತು.

ಪರೀಕ್ಷೆ ಹತ್ತಿರ ಬಂತು. ಮೈಸೂರಿಗೆ ಹೋಗೋದು ಹೇಗೆ? ನೀವು ಮಾವನವರ ಮುಂದೆ ನಿಂತು, "ನನ್ಗೆ ಒಟ್ಟೆನೋವು. ಮೈಸೂರು ದೊಡ್ಡಾಸ್ಪತ್ರೇಲಿ ತೋರಿಸ್ಕಂಡು ಬತ್ತೀನಿ. ಗಿರಿಜೆಗೆ ಅಲ್ಲೆಲ್ಲ ಗೊತ್ತು, ಕರ್ಕಂಡು ಓಯ್ತೀನಿ" ಅಂದಿರಿ. ಎಂಥ ಒಳ್ಳೇ ನೆಪ ಹುಡುಕಿದಿರಿ ಅಂತ ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ನೆಪ ಅಂತಲೇ ತಿಳಿದಿದ್ದೆ ಅತ್ತೆಮ್ಮ. ನಿಮ್ಮಾಣೆಗೂ ಹಾಗೇ ತಿಳಿದಿದ್ದೆ.

ಪರೀಕ್ಷೆಯ ದಿನ ನನ್ನನ್ನು ಒಳಗೆ ಕಳಿಸಿ ನೀವು ಕಾಲೇಜಿನ ಅಂಗಳದ ಹೊಂಗೆಮರದ ಕೆಳಗೆ ಕೂತಿರಿ. ನನಗೆ ಸಿಕ್ಕಿದ್ದು ಕಿಟಕಿಯ ಪಕ್ಕದ ಜಾಗ. ಮೊದಲ ಎರಡು ಪ್ರಶ್ನೆ ಚೆನ್ನಾಗಿ ಬರೆದೆ. ಆಮೇಲೆ ಸುಮ್ಮನೆ ಹೊರಗೆ ನೋಡಿದೆ. ನೀವು ಹೊಟ್ಟೆ ಹಿಡಿದುಕೊಂಡು ಮುಂದಕ್ಕೆ ಬಾಗಿ, ಹಣೆ ನೆಲಕ್ಕೆ ತಾಗುವ ಹಾಗೆ ಕೂತಿದ್ದಿರಿ. ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದಿರಲ್ಲವೆ? ಆಮೇಲೆ ನಾನು ಬರೆದ ಅಂಕಿ ಒಂದೂ ನನಗೆ ನೆನಪಿಲ್ಲ. ಎದ್ದು ಓಡಿ ಬರಬೇಕಿತ್ತು. ಬರಲಿಲ್ಲ. ಗಂಟೆ ಹೊಡೆಯುವ ತನಕ ಕೂತೇ ಇದ್ದೆ. ಹೊರಗೆ ಬಂದಾಗ ನೀವು ಸೆರಗು ಸರಿಮಾಡಿಕೊಂಡು ಬುತ್ತಿ ಬಿಚ್ಚಿ, "ಎಂಗ್ ಬರ್ದೆ ಮಗಾ?" ಅಂತ ಕೇಳಿದಿರಿ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಡಾಕ್ಟರು ನಿಮ್ಮ ಹೊಟ್ಟೆ ಮುಟ್ಟಿ ನೋಡಿ, "ಎಷ್ಟು ದಿನದಿಂದ?" ಅಂದರು. "ಯುಗಾದಿಯಿಂದ" ಅಂದಿರಿ. ನನ್ನ ಮದುವೆಗೂ ಮೊದಲಿಂದ! ಅವರು ನನ್ನನ್ನು ಪಕ್ಕಕ್ಕೆ ಕರೆದು, ಗೆಡ್ಡೆ ದೊಡ್ಡದಾಗಿದೆ, ತುಂಬ ತಡ ಮಾಡಿದಿರಿ ಅಂದರು.

ಫಲಿತಾಂಶ ಬರುವ ಹೊತ್ತಿಗೆ ನೀವು ಹಾಸಿಗೆ ಹಿಡಿದಿದ್ದಿರಿ. ಮತ್ತೆ ಫೇಲು. ನೀವು ಕಣ್ಣು ಬಿಟ್ಟು "ಆಯ್ತಾ?" ಅಂದಿರಿ. ಯಾಕಾಗಲಿಲ್ಲ ಅಂತ ಕೇಳಿದರೆ ಏನು ಹೇಳಲಿ? ನಿಮ್ಮನ್ನು ನೋಡಿ ಕೈ ನಿಂತುಹೋಯಿತು ಅಂತಲೇ? "ಆಯ್ತು ಅತ್ತೆಮ್ಮ, ಪಾಸು" ಅಂದೆ. ನಿಮ್ಮ ಮುಖ ಹೇಗಾಯಿತು ಅಂತ ಬರೆಯಲು ನನಗೆ ಬರುವುದಿಲ್ಲ. ನಿಂಗಮ್ಮನನ್ನು ಕರೆಸಿ ಬೀದಿಗೆಲ್ಲ ಕೊಬ್ಬರಿ ಸಕ್ಕರೆ ಹಂಚಿಸಿದಿರಿ. ಯಾಕೆ ಅಂತ ಕೇಳಿದವರಿಗೆ, "ಸುಮ್ಕೆ ತಿನ್ರಿ" ಅಂದಿರಿ. ಸಂಕ್ರಾಂತಿ ಕಳೆದ ಎಂಟನೇ ದಿನಕ್ಕೆ ಹೊರಟೇ ಹೋದಿರಿ.

ನಿಜ ಹೇಳಿದ್ದರೆ ಏನಾಗುತ್ತಿತ್ತು? "ಇನ್ನೊಂದ್ಸಲ ಬರಿ ಬುಡು" ಅಂತಿದ್ದಿರಿ, ಅಷ್ಟೇ. ಅದು ಗೊತ್ತಿದ್ದೂ ನಾನು...

ನಿಮ್ಮ ತಿಥಿ ಮುಗಿದ ಮೇಲೆ ಮಾವನವರನ್ನೂ ನಿಮ್ಮ ಮಗನನ್ನೂ ಕೂರಿಸಿ ಮೊದಲಿನಿಂದ ಎಲ್ಲ ಹೇಳಿದೆ. ಲಕೋಟೆ, ಅಟ್ಟ, ಹೊಂಗೆಮರ, ಎಲ್ಲ. ನಿಮ್ಮ ಮಗ ತಲೆ ಎತ್ತಲಿಲ್ಲ. ಮಾವನವರು, "ಅವ್ಳು ನನ್ಗ್ಯಾಕೆ ಏಳ್ನಿಲ್ಲ? ನಾನೇನ್ ತಿಂದ್ಬುಡ್ತಿದ್ನಾ?" ಅಂದರು. ಎದ್ದು ಕೊಟ್ಟಿಗೆ ಕಡೆ ಹೋದರು. ಮಾರನೆಯ ಬೆಳಿಗ್ಗೆ ಕಾಫಿ ಕೊಡಲು ಹೋದಾಗ ಲೋಟ ಇಸ್ಕೊಂಡು, "ಯಾವತ್ತವ್ವ ಇನ್ನೊಂದ್ ಪರೀಕ್ಷೆ?" ಅಂದರು.

ಈ ಸಲ ನಾನು ಜಗಲಿಯಲ್ಲೇ ಕೂತು ಓದಿದೆ. ಮಧ್ಯಾಹ್ನ ಬಂದವರಿಗೆಲ್ಲ ಮಾವನವರೇ "ನಮ್ ಸೊಸೆ ಫೇಲಾಗವ್ಳೆ, ಮತ್ತೆ ಪರೀಕ್ಷೆ ಕಟ್ಟವ್ಳೆ, ಸಂಜೀಕೆ ಬನ್ನಿ" ಅಂತ ರಾಗವಾಗಿ ಹೇಳಿ ಕಳಿಸುತ್ತಿದ್ದರು. ಏಪ್ರಿಲ್‌ನಲ್ಲಿ ನಿಮ್ಮ ಮಗ ಮೈಸೂರಿಗೆ ಜೊತೆಗೆ ಬಂದರು. ನನ್ನ ಜಾಗ ಗೋಡೆ ಪಕ್ಕ ಬಿತ್ತು. ಹೊರಗಿನದು ಏನೂ ಕಾಣಲಿಲ್ಲ.

ಇನ್ನು ಈ ಮನೆಯಲ್ಲಿ ಯಾರಿಗೂ ಏನನ್ನೂ ಮುಚ್ಚಿಡುವುದಿಲ್ಲ, ನೋವಾಗಲಿ ಸೋಲಾಗಲಿ. ಮಾವನವರಿಗೆ ಮಾತು ಕೊಟ್ಟಿದ್ದೇನೆ, ನಿಮಗೂ ಕೊಡುತ್ತಿದ್ದೇನೆ.

ಮೊನ್ನೆ ಫಲಿತಾಂಶ ಬಂತು. ಪಾಸಾದೆ ಅತ್ತೆಮ್ಮ. ಈ ಸಲ ನಿಜ.

ನಿಮ್ಮ
ಗಿರಿಜೆ